ಮಿಲ್ಲಿನ ಸೈರನ್, ಮೈಯೊಳಗಿನ ಗಡಿಯಾರ

ದಾವಣಗೆರೆಯಲ್ಲಿ ಬಹುಕಾಲ ಎರಡು ಬಗೆಯ ಹೊತ್ತು ಒಟ್ಟಿಗೆ ನಡೆಯುತ್ತಿದ್ದವು. ಒಂದು ಸೂರ್ಯನ ಹೊತ್ತು. ಕೋಳಿ ಕೂಗುವುದು, ಮಸೀದಿಯ ಬೆಳಗಿನ ಬಾಂಗು, ಗುಡಿಯ ಗಂಟೆ, ಸಂಜೆ ದೀಪ ಹಚ್ಚುವುದು ಎಲ್ಲವೂ ಅದರ ಲೆಕ್ಕಕ್ಕೆ ಸೇರಿದವು. ಇನ್ನೊಂದು ಮಿಲ್ಲಿನ ಹೊತ್ತು. ಅದಕ್ಕೆ ಸೂರ್ಯನ ಹಂಗಿರಲಿಲ್ಲ. ಸೈರನ್ ಕೂಗಿದರೆ ಪಾಳಿ ಬದಲಾಗುತ್ತಿತ್ತು. ಒಂದು ಗುಂಪು ಬುತ್ತಿ ಹಿಡಿದು ಒಳಗೆ ಹೋದರೆ ಇನ್ನೊಂದು ಗುಂಪು ಮೈಮೇಲೆ ಹತ್ತಿಯ ಎಳೆ ಅಂಟಿಸಿಕೊಂಡು ಹೊರಗೆ ಬರುತ್ತಿತ್ತು. ಹೊರಗೆ ಬಂದವನಿಗೆ ಊರು ಏಳುವ ಹೊತ್ತಿನಲ್ಲಿ ಮಲಗಬೇಕಿತ್ತು. ಊರು ಮಲಗುವ ಹೊತ್ತಿನಲ್ಲಿ ಅವನು ಮತ್ತೆ ಏಳಬೇಕಿತ್ತು.

ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾದ ಈ ಊರಿನ ಮಿಲ್ಲುಗಳ ಬಗ್ಗೆ, ಅವುಗಳನ್ನು ಕಟ್ಟಿದ ಮನೆತನಗಳ ಬಗ್ಗೆ, ಕಾರ್ಮಿಕ ಚಳವಳಿಯ ಬಗ್ಗೆ ಸಾಕಷ್ಟು ಮಾತು ನಡೆದಿದೆ. ಆದರೆ ಆ ಮಿಲ್ಲುಗಳಲ್ಲಿ ದುಡಿದವರ ನಿದ್ದೆಯ ಚರಿತ್ರೆ ಎಂಬುದೊಂದಿದೆ. ಅದು ದಾಖಲೆಗಳಲ್ಲಿ ಸಿಗುವುದು ಅಪರೂಪ. ಕಳೆದ ನಾಲ್ಕು ದಶಕಗಳಲ್ಲಿ ನಿದ್ದೆ, ಮನಸ್ಸು ಮತ್ತು ಬೆಳಕಿನ ಕುರಿತು ನಡೆದಿರುವ ಸಂಶೋಧನೆಗಳ ಜೊತೆಗಿಟ್ಟು ಓದಿದರೆ ಈ ಮರೆತ ಚರಿತ್ರೆಗೆ ಹೊಸ ಅರ್ಥ ಬರುತ್ತದೆ. ಬೆಳಕು ಕಣ್ಣಿಗೆ ಕಾಣಿಸುವುದಕ್ಕೆ ಮಾತ್ರ ಇರುವುದಲ್ಲ, ದೇಹಕ್ಕೆ ಹೊತ್ತು ತಿಳಿಸುವುದೂ ಅದೇ ಎಂಬುದು ಆ ಸಂಶೋಧನೆಗಳ ಸಾರ. ಹೊತ್ತಿಗೆ ಸರಿಯಾಗಿ ಬಂದ ಬೆಳಕು ಔಷಧಿ. ಹೊತ್ತು ತಪ್ಪಿ ಬಂದರೆ ಅದೇ ಬೆಳಕು ತೊಂದರೆ.

ಇರುಳು ಹಗಲಾದ ಬಗೆ

ವಿದ್ಯುತ್ ದೀಪ ಬರುವ ಮೊದಲು ಕಾರ್ಖಾನೆಯ ಕೆಲಸಕ್ಕೆ ಸೂರ್ಯನೇ ಮೇಸ್ತ್ರಿ. ಮುಂಬಯಿಯ ಬಟ್ಟೆ ಗಿರಣಿಗಳು ಹೊತ್ತು ಹುಟ್ಟುವಾಗ ತೆರೆದು ಹೊತ್ತು ಮುಳುಗುವಾಗ ಮುಚ್ಚುತ್ತಿದ್ದವು. ಬೇಸಿಗೆಯಲ್ಲಿ ಅದು ಬಹಳ ದೀರ್ಘ ದಿನವೇ ಆಗುತ್ತಿತ್ತಾದರೂ ಕತ್ತಲೆ ಎಂಬ ಗಡಿಯೊಂದು ಅದಕ್ಕಿತ್ತು. 1905ರ ಸುಮಾರಿಗೆ ಗಿರಣಿಗಳಿಗೆ ವಿದ್ಯುತ್ ದೀಪ ಬಂದಾಗ ಆ ಗಡಿ ಅಳಿಸಿಹೋಯಿತು. ಕೆಲವು ಗಿರಣಿಗಳಲ್ಲಿ ದಿನದ ದುಡಿಮೆ 15 ಗಂಟೆಯವರೆಗೆ ಹಿಗ್ಗಿತು. ಕೂಗು ಎದ್ದು, ವಿಚಾರಣೆಗಳು ನಡೆದು, 1911ರ ಫ್ಯಾಕ್ಟರಿ ಕಾಯ್ದೆ ಬಟ್ಟೆ ಗಿರಣಿಗಳ ಗಂಡಾಳುಗಳಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. 1922ರಲ್ಲಿ ಅದು 11 ಗಂಟೆಗೆ, 1934ರಲ್ಲಿ 10 ಗಂಟೆಗೆ ಇಳಿಯಿತು. ಸ್ವತಂತ್ರ ಭಾರತದ 1948ರ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ನಿಗದಿ ಮಾಡಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆಳಿನ ದಿನ ಮೊಟಕಾದಂತೆಲ್ಲ ಯಂತ್ರದ ದಿನವೇನೂ ಮೊಟಕಾಗಲಿಲ್ಲ. ಬಂಡವಾಳ ಹಾಕಿ ತಂದ ಯಂತ್ರ ನಿಂತರೆ ನಷ್ಟ. ಹಾಗಾಗಿ ಒಂದು ದೀರ್ಘ ದಿನದ ಜಾಗದಲ್ಲಿ ಎಂಟೆಂಟು ಗಂಟೆಯ ಮೂರು ಪಾಳಿಗಳು ಬಂದವು. ಕಾರ್ಮಿಕನ ದುಡಿಮೆಯ ಅವಧಿಗೆ ಮಿತಿ ಸಿಕ್ಕಿತು, ಅದು ದೊಡ್ಡ ಗೆಲುವೇ. ಆದರೆ ಅದರ ಬೆನ್ನಿಗೇ ರಾತ್ರಿ ಪಾಳಿ ಎಂಬ ಹೊಸ ಬದುಕು ಆರಂಭವಾಯಿತು.

ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತಿನ ಕಥೆ 1902ರಲ್ಲಿ ಶಿವನಸಮುದ್ರದಿಂದ ಶುರುವಾಗಿ 1948ರಲ್ಲಿ ಜೋಗಕ್ಕೆ ಬಂತು. ಇದರ ನಡುವಿನ ಅವಧಿಯಲ್ಲೇ ದಾವಣಗೆರೆ ಮತ್ತು ಹರಿಹರ ಕೈಗಾರಿಕೆಯ ಊರುಗಳಾದವು. ಸುತ್ತಲಿನ ಎರೆ ಹೊಲಗಳ ಹತ್ತಿಯನ್ನು ನಂಬಿ 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ ತಲೆಯೆತ್ತಿತು. ಬಳಿಕ ಶಂಕರ್, ಗಣೇಶರ್, ಆಂಜನೇಯ, ಚಂದ್ರೋದಯ ಮಿಲ್ಲುಗಳು ಬಂದವು. ಪಕ್ಕದ ಹರಿಹರದಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಗಿ ಲೇತ್ ಯಂತ್ರಗಳಿಗೆ ಹೆಸರಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ಯಂತ್ರಪುರ ಎಂಬ ಹೆಸರೇ ಬಂತು. 1970ರ ದಶಕದಲ್ಲಿ ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕೆಲಸ ಆರಂಭಿಸಿತು. ಮರದಿಂದ ರೇಯಾನಿನ ಪಲ್ಪ್ ಮಾಡುವ ಇಂಥ ಕಾರ್ಖಾನೆಯನ್ನು ಸಂಜೆ ನಿಲ್ಲಿಸಿ ಬೆಳಿಗ್ಗೆ ಶುರು ಮಾಡಲು ಬರುವುದಿಲ್ಲ. ಅದು ಹಗಲಿರುಳೂ ನಡೆಯಬೇಕಾದ ರಾಸಾಯನಿಕ ಕ್ರಿಯೆ. ಹೀಗೆ ಹತ್ತು ಹನ್ನೆರಡು ಮೈಲಿಯ ಅಂತರದಲ್ಲಿ ಸಾವಿರಾರು ಕುಟುಂಬಗಳು ರಾತ್ರಿ ಪಾಳಿಗೆ ಒಗ್ಗಿಕೊಳ್ಳಬೇಕಾಯಿತು.

ಬೆಳಕಿನ ಬಗ್ಗೆ ಕಾಯ್ದೆಗೆ ಕಾಳಜಿ ಇರಲಿಲ್ಲವೆಂದಲ್ಲ. 1948ರ ಕಾಯ್ದೆಯ 17ನೆಯ ಕಲಂ ಪೂರ್ತಿ ಬೆಳಕಿಗೇ ಮೀಸಲಾಗಿತ್ತು. ಕೆಲಸದ ಜಾಗದಲ್ಲಿ ಸಾಕಷ್ಟು ಬೆಳಕಿರಬೇಕು, ಕಿಟಕಿಯ ಗಾಜು ಶುಭ್ರವಾಗಿರಬೇಕು, ಕಣ್ಣು ಕೋರೈಸಬಾರದು, ಕಣ್ಣಿಗೆ ಶ್ರಮವಾಗುವಂಥ ನೆರಳು ಬೀಳಬಾರದು ಎಂದು ಅದು ಹೇಳುತ್ತಿತ್ತು. ಬಟ್ಟೆ ಗಿರಣಿಗಳ ಚಾವಣಿಯನ್ನು ಗರಗಸದ ಹಲ್ಲಿನಂತೆ ಕಟ್ಟಿ ಉತ್ತರ ದಿಕ್ಕಿಗೆ ಗಾಜು ಹಾಕುತ್ತಿದ್ದುದೂ ಇದೇ ಉದ್ದೇಶಕ್ಕೆ. ನೇರ ಬಿಸಿಲು ಬೀಳದೆ ಒಂದೇ ಸಮನಾದ ಬೆಳಕು ಬಂದರೆ ತುಂಡಾದ ಎಳೆ ಕಾಣುತ್ತದೆ. ಅಂದರೆ ಬೆಳಕು ಬೇಕಾದದ್ದು ನೂಲು ನೋಡುವುದಕ್ಕೆ, ಅಪಘಾತ ತಪ್ಪಿಸುವುದಕ್ಕೆ. ನಡುರಾತ್ರಿಯ ಬೆಳಕು ಅದನ್ನು ನೋಡುವವನ ಮೈಗೆ ಏನು ಹೇಳುತ್ತದೆ ಎಂಬ ಪ್ರಶ್ನೆ ಕಾಯ್ದೆ ಬರೆದವರ ಮುಂದೆ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಏಕೆಂದರೆ ಆ ಪ್ರಶ್ನೆಗೆ ವಿಜ್ಞಾನವೇ ಆಗಿನ್ನೂ ಉತ್ತರ ಕಂಡುಕೊಂಡಿರಲಿಲ್ಲ.

ಕತ್ತಲೆ ಕೋಣೆಯ ಗಿಡದಿಂದ ಮಧುರೆಯ ಗುಹೆಯವರೆಗೆ

ಉತ್ತರದ ಹುಡುಕಾಟ ಮಾತ್ರ ಬಹಳ ಹಿಂದೆಯೇ ಶುರುವಾಗಿತ್ತು. 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೇರಾನ್ ಒಂದು ಗಿಡವನ್ನು ಕತ್ತಲೆಯಲ್ಲಿಟ್ಟು ನೋಡಿದ. ಅದು ನಮ್ಮ ಮುಟ್ಟಿದರೆ ಮುನಿಯ ಜಾತಿಯದೆಂದು ಹೇಳುತ್ತಾರೆ. ಹಗಲು ಎಲೆ ಬಿಚ್ಚಿ ರಾತ್ರಿ ಮಡಚಿಕೊಳ್ಳುವ ಆ ಗಿಡ ಸೂರ್ಯ ಕಾಣದಿದ್ದರೂ ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚಿತು. ಗಿಡದೊಳಗೇ ಗಡಿಯಾರವೊಂದು ಇರಬೇಕೆಂಬ ಊಹೆಗೆ ಅದು ಮೊದಲ ಸುಳಿವು.

ಮನುಷ್ಯನೊಳಗಿನ ಗಡಿಯಾರವನ್ನು ನೋಡಬೇಕಾದರೆ ಅವನನ್ನು ಸೂರ್ಯನಿಂದಲೂ ಸಮಾಜದಿಂದಲೂ ದೂರ ಇಡಬೇಕು. 1938ರಲ್ಲಿ ಅಮೆರಿಕದ ನಿದ್ರಾ ವಿಜ್ಞಾನಿ ಕ್ಲೈಟ್‌ಮನ್ ತನ್ನ ಸಹಾಯಕನೊಂದಿಗೆ ಒಂದು ತಿಂಗಳಿಗೂ ಹೆಚ್ಚು ಕಾಲ ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ಉಳಿದು 28 ಗಂಟೆಯ ದಿನಕ್ಕೆ ಒಗ್ಗಿಕೊಳ್ಳಲು ಯತ್ನಿಸಿದ. 1960ರ ದಶಕದಲ್ಲಿ ಜರ್ಮನಿಯ ಆಶಾಫ್ ಮ್ಯೂನಿಕ್ ಬಳಿ ನೆಲಮಾಳಿಗೆಯ ಕೋಣೆಗಳನ್ನು ಕಟ್ಟಿ ಅಲ್ಲಿ ಜನರನ್ನು ವಾರಗಟ್ಟಲೆ ಗಡಿಯಾರವಿಲ್ಲದೆ ಇರಿಸಿದ. ಹೊರಗಿನ ಸುಳಿವು ಏನೂ ಇಲ್ಲದಿದ್ದರೂ ಅವರ ನಿದ್ದೆ, ಎಚ್ಚರ, ಮೈಶಾಖ ಎಲ್ಲವೂ ತಮ್ಮದೇ ಲಯದಲ್ಲಿ ನಡೆದವು. ಆ ಲಯದ ಸುತ್ತು 24 ಗಂಟೆಗಿಂತ ತುಸು ಹೆಚ್ಚು. 1999ರಲ್ಲಿ ಹಾರ್ವರ್ಡ್‌ನಲ್ಲಿ ಮಾಡಿದ ನಿಖರ ಅಳತೆಯ ಪ್ರಕಾರ ಅದು ಸರಾಸರಿ 24 ಗಂಟೆ 11 ನಿಮಿಷ. ದಿನವೂ ಸ್ವಲ್ಪ ಹಿಂದೆ ಬೀಳುವ ಈ ಗಡಿಯಾರವನ್ನು ದಿನವೂ ಸರಿಪಡಿಸುವುದು ಬೆಳಗಿನ ಬೆಳಕು.

ಈ ವಿದ್ಯೆ ನಮ್ಮ ನೆಲದಲ್ಲೂ ಬೇರೂರಿತು. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಅನುಭವ ಪಡೆದು ಬಂದ ಎಂ.ಕೆ. ಚಂದ್ರಶೇಖರನ್ ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಜೈವಿಕ ಲಯಗಳ ಅಧ್ಯಯನ ಕಟ್ಟಿದರು. ಮನುಷ್ಯರನ್ನು ಪ್ರತ್ಯೇಕವಾಗಿರಿಸಿ ಪರೀಕ್ಷಿಸುವ ಕೋಣೆಯೂ ಅಲ್ಲಿ ಸಿದ್ಧವಾಯಿತು. ಅವರ ತಂಡ ಮಧುರೆಯ ಸಮೀಪದ ಗುಹೆಯೊಂದರಲ್ಲಿ ಬಾವಲಿಗಳ ಮೇಲೆ ನಡೆಸಿ 1981ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಿಡುವಂಥದು. ಗುಹೆಯ ಕಗ್ಗತ್ತಲಲ್ಲಿ ಪಂಜರದೊಳಗಿದ್ದ ಬಾವಲಿಗಳಿಗೆ ಸೂರ್ಯ ಕಾಣುತ್ತಿರಲಿಲ್ಲ. ಆದರೆ ಸಂಜೆ ಹಾರಿಹೋಗಿ ಬೆಳಗಿನ ಜಾವ ಮರಳುವ ಜೊತೆಗಾರರ ಸದ್ದುಗದ್ದಲವನ್ನೇ ಹಿಡಿದು ಅವು ಹೊತ್ತು ತಿಳಿದುಕೊಂಡವು. ಜೊತೆಗಾರರಿಲ್ಲದ ಕಡೆ ಅವುಗಳ ಲಯ ಸೂರ್ಯನಿಂದ ಬೇರೆಯಾಗಿ ತನ್ನ ಪಾಡಿಗೆ ಸಾಗಿತು. ಒಂದೇ ಸೂರಿನಡಿ ಇರುವವರು ಪರಸ್ಪರರ ಹೊತ್ತನ್ನು ತಿದ್ದುತ್ತಾರೆಂಬುದು ಇದರ ಪಾಠ. ಬಾವಲಿಗೆ ಕಂಡದ್ದನ್ನು ಹಾಗೇ ಮನುಷ್ಯನಿಗೆ ಅನ್ವಯಿಸಲಾಗದು. ಆದರೂ ಒಬ್ಬನ ರಾತ್ರಿ ಪಾಳಿ ಇಡೀ ಮನೆಯ ಊಟ, ನಿದ್ದೆ, ಮಾತುಕತೆಯನ್ನು ಹೇಗೆ ಬದಲಿಸುತ್ತದೆಂಬುದು ಮಿಲ್ಲಿನ ಮನೆಗಳಿಗೆ ಹೊಸ ಸಂಗತಿಯಲ್ಲ.

ಚಂದ್ರಶೇಖರನ್ ಆಮೇಲೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. 1999ರಲ್ಲಿ ಶೀಬಾ ವಾಸು, ವಿಜಯ್ ಕುಮಾರ್ ಶರ್ಮಾ, ಅಮಿತಾಭ್ ಜೋಶಿ ಅವರೊಂದಿಗೆ ಸೇರಿ ಅವರು ಪ್ರಕಟಿಸಿದ ಸಂಶೋಧನೆಯೊಂದಿದೆ. ಬಾಳೆಹಣ್ಣಿನ ಸುತ್ತ ಮುತ್ತುವ ಪುಟ್ಟ ಹಣ್ಣುನೊಣವನ್ನು 600ಕ್ಕೂ ಹೆಚ್ಚು ತಲೆಮಾರು ಎಡೆಬಿಡದ ಬೆಳಕಿನಲ್ಲಿ ಸಾಕಲಾಗಿತ್ತು. ಅವುಗಳ ಪಾಲಿಗೆ ರಾತ್ರಿ ಎಂಬುದೇ ಇರಲಿಲ್ಲ. ಬಳಸದ ಗಡಿಯಾರ ತುಕ್ಕು ಹಿಡಿದು ಹೋಗಿರಬೇಕಲ್ಲವೇ? ಹೋಗಿರಲಿಲ್ಲ. ಕತ್ತಲೆ ಬೆಳಕಿನ ಸರದಿಯನ್ನು ಮರಳಿ ಕೊಟ್ಟಾಗ ಆ ನೊಣಗಳು ಕೋಶ ಒಡೆದು ಹೊರಬರುವ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿದವು. ಆಮೇಲೆ ಪೂರ್ತಿ ಕತ್ತಲೆಯಲ್ಲಿಟ್ಟರೂ ಲಯ ತಪ್ಪಲಿಲ್ಲ.

ಮನುಷ್ಯರ ಲೆಕ್ಕದಲ್ಲಿ ಒಂದು ತಲೆಮಾರಿಗೆ 25 ವರ್ಷ ಹಿಡಿದರೆ 600 ತಲೆಮಾರು ಎಂದರೆ 15,000 ವರ್ಷ. ಅಷ್ಟು ಕಾಲ ಇರುಳೇ ಇಲ್ಲದೆ ಬಾಳಿದರೂ ಒಂದು ನೊಣದ ವಂಶ ತನ್ನ ಗಡಿಯಾರವನ್ನು ಬಿಟ್ಟುಕೊಡಲಿಲ್ಲ. ದಾವಣಗೆರೆಯ ಮಿಲ್ಲುಗಳು ನಡೆದದ್ದು ಎರಡು ಮೂರು ತಲೆಮಾರು. ‘ರಾತ್ರಿ ಪಾಳಿ ಅಭ್ಯಾಸ ಆಗಿಬಿಡುತ್ತೆ’ ಎಂಬ ಮಾತು ಎಲ್ಲ ಕಾರ್ಖಾನೆಗಳಲ್ಲೂ ಕೇಳಿಬರುತ್ತದೆ. ಅಭ್ಯಾಸವಾಗುವುದು ಮನಸ್ಸಿಗೆ ಇರಬಹುದು. ಮೈ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಬೆಳಕೇ ಔಷಧಿ

ಬೆಳಕನ್ನು ಚಿಕಿತ್ಸೆಗೆ ಬಳಸಿದ ಕೀರ್ತಿ ಮೊದಲು ಸಂದದ್ದು ಡೆನ್ಮಾರ್ಕಿನ ವೈದ್ಯ ಫಿನ್ಸೆನ್‌ಗೆ. ಚರ್ಮದ ಕ್ಷಯಕ್ಕೆ ಸಾಂದ್ರ ಬೆಳಕಿನ ಚಿಕಿತ್ಸೆ ಕೊಟ್ಟದ್ದಕ್ಕಾಗಿ 1903ರಲ್ಲಿ ಆತನಿಗೆ ನೊಬೆಲ್ ಬಂತು. ಆದರೆ ಅದು ಚರ್ಮದ ಮಾತು. ಕಣ್ಣಿನ ಮೂಲಕ ಮನಸ್ಸನ್ನು ಮುಟ್ಟುವ ಬೆಳಕಿನ ಕಥೆ ಶುರುವಾಗುವುದು 1980ರಲ್ಲಿ.

ನಮ್ಮ ಮೆದುಳಿನ ಪೀನಿಯಲ್ ಗ್ರಂಥಿ ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಈಗ ರಾತ್ರಿಯಾಗಿದೆ ಎಂದು ಅದು ಮೈಗೆಲ್ಲ ಸಾರುವ ಡಂಗುರ. ಪ್ರಾಣಿಗಳಲ್ಲಿ ಬೆಳಕು ಬಿದ್ದರೆ ಇದು ನಿಲ್ಲುವುದು ತಿಳಿದಿತ್ತು. ಮನುಷ್ಯನಲ್ಲಿ ಹಾಗಾಗುವುದಿಲ್ಲವೆಂದು ನಂಬಲಾಗಿತ್ತು, ಏಕೆಂದರೆ ಕೋಣೆಯ ಮಾಮೂಲಿ ದೀಪದಲ್ಲಿ ಅದು ಕಂಡಿರಲಿಲ್ಲ. 1980ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಆಲ್‌ಫ್ರೆಡ್ ಲೂಯಿ ಮತ್ತು ಸಂಗಡಿಗರು 2,500 ಲಕ್ಸ್ ಪ್ರಖರತೆಯ ಬೆಳಕು ಬಿಟ್ಟು ನೋಡಿದರು. ಮನುಷ್ಯನಲ್ಲೂ ಮೆಲಟೋನಿನ್ ಇಳಿಯಿತು. ಲಕ್ಸ್ ಎಂಬುದು ಬೆಳಕಿನ ಅಳತೆ. ಟ್ಯೂಬ್‌ಲೈಟ್ ಇರುವ ಕೋಣೆಯಲ್ಲಿ ಅದು ಕೆಲವು ನೂರು, ಮೋಡ ಕವಿದ ಹಗಲಿನಲ್ಲಿ ಬಯಲಿಗೆ ಬಂದರೆ ಹಲವು ಸಾವಿರ, ನಡುಹಗಲ ಬಿಸಿಲಿನಲ್ಲಿ ಸುಮಾರು ಒಂದು ಲಕ್ಷ. ಕಣ್ಣು ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ಅಷ್ಟಾಗಿ ತಿಳಿಯುವುದಿಲ್ಲ. ಮಾಮೂಲಿ ದೀಪಗಳೂ ನಿದ್ದೆಯ ಹೊತ್ತನ್ನು ಮುಂದೂಡಬಲ್ಲವೆಂದು ಆಮೇಲಿನ ಸೂಕ್ಷ್ಮ ಅಧ್ಯಯನಗಳು ತೋರಿಸಿದವು.

ಅದೇ ಸಂಸ್ಥೆಗೆ ಒಬ್ಬ ಇಂಜಿನಿಯರ್ ಬಂದಿದ್ದರು. ಚಳಿಗಾಲ ಬಂತೆಂದರೆ ಅವರಿಗೆ ಖಿನ್ನತೆ. ವಸಂತದಲ್ಲಿ ತಾನಾಗಿ ವಾಸಿ. ವರ್ಷಗಟ್ಟಲೆ ಇದನ್ನು ತಾವೇ ಬರೆದಿಟ್ಟು, ಬೆಳಕಿಗೂ ಇದಕ್ಕೂ ನಂಟಿರಬೇಕೆಂದು ಶಂಕಿಸಿದ್ದರು. ವೈದ್ಯರು ಚಳಿಗಾಲದಲ್ಲಿ ಬೆಳಗಾಗುವ ಮೊದಲು ಮತ್ತು ಸಂಜೆ ಪ್ರಖರ ದೀಪದ ಮುಂದೆ ಅವರನ್ನು ಕೂರಿಸಿ ಹಗಲನ್ನು ಕೃತಕವಾಗಿ ಹಿಗ್ಗಿಸಿದರು. ಕೆಲವೇ ದಿನಗಳಲ್ಲಿ ಖಿನ್ನತೆ ಇಳಿಯಿತು. 1982ರಲ್ಲಿ ಈ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1984ರಲ್ಲಿ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ಇಂಥ 29 ರೋಗಿಗಳ ವಿವರ ಕೊಟ್ಟು ಋತುಮಾನದ ಖಿನ್ನತೆಗೆ ಒಂದು ಹೆಸರಿಟ್ಟರು. ಬೆಳಿಗ್ಗೆ ಎದ್ದೊಡನೆ 10,000 ಲಕ್ಸ್ ದೀಪದ ಮುಂದೆ ಅರ್ಧ ಗಂಟೆ ಕೂರುವುದು ಮುಂದೆ ರೂಢಿಯ ಚಿಕಿತ್ಸೆಯಾಯಿತು.

ಇದು ಚಳಿದೇಶದ ಕಾಯಿಲೆ, ನಮಗೇನು ಸಂಬಂಧ ಎಂಬ ಪ್ರಶ್ನೆ ಸಹಜ. ಆ ಸಂಸ್ಥೆಯ ನೆರೆಯ ವಾಷಿಂಗ್ಟನ್‌ನಲ್ಲಿ ಬೇಸಿಗೆಯ ದೀರ್ಘ ಹಗಲಿಗೂ ಚಳಿಗಾಲದ ಗಿಡ್ಡ ಹಗಲಿಗೂ ಸುಮಾರು ಐದೂವರೆ ಗಂಟೆ ಅಂತರ. ದಾವಣಗೆರೆಯಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು 13 ಗಂಟೆಗೆ ತುಸು ಕಡಿಮೆ, ಡಿಸೆಂಬರಿನ ಅತಿ ಗಿಡ್ಡ ಹಗಲು ಹನ್ನೊಂದೂಕಾಲು ಗಂಟೆ. ಎರಡರ ನಡುವೆ ಒಂದೂಮುಕ್ಕಾಲು ಗಂಟೆಯ ಅಂತರವೂ ಇಲ್ಲ. ಹಾಗಾಗಿ ಚಳಿಗಾಲದ ಖಿನ್ನತೆ ನಮ್ಮ ದೊಡ್ಡ ಸಮಸ್ಯೆಯಲ್ಲ. ಆದರೆ ಚಿಕಿತ್ಸೆ ಅಲ್ಲಿಗೇ ನಿಲ್ಲಲಿಲ್ಲ. ಇಟಲಿಯ ಮಿಲಾನ್‌ನ ಆಸ್ಪತ್ರೆಯೊಂದರ ದಾಖಲೆಗಳನ್ನು ನೋಡಿದ ವೈದ್ಯರು 2001ರಲ್ಲಿ ಒಂದು ಕುತೂಹಲದ ಸಂಗತಿ ವರದಿ ಮಾಡಿದರು. ಉನ್ಮಾದ ಮತ್ತು ಖಿನ್ನತೆ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಯವರು ಖಿನ್ನತೆಯಲ್ಲಿ ದಾಖಲಾದಾಗ, ಮೂಡಣ ದಿಕ್ಕಿನ ಕೋಣೆ ಸಿಕ್ಕವರು ಪಡುವಣದ ಕೋಣೆಯವರಿಗಿಂತ ಸರಾಸರಿ ಮೂರೂವರೆ ದಿನಕ್ಕೂ ಹೆಚ್ಚು ಮೊದಲೇ ಮನೆಗೆ ಹೋಗಿದ್ದರು. ಅವರಿಗೆ ಸಿಕ್ಕಿದ್ದ ಹೆಚ್ಚಿನ ಔಷಧಿ ಎಂದರೆ ಎಳೆಬಿಸಿಲು. 2016ರಲ್ಲಿ ಕೆನಡಾದಲ್ಲಿ 122 ರೋಗಿಗಳ ಮೇಲೆ ನಡೆದ ಎಂಟು ವಾರಗಳ ಪರೀಕ್ಷೆ, ಋತುಮಾನಕ್ಕೆ ಸಂಬಂಧಪಡದ ಖಿನ್ನತೆಯಲ್ಲೂ ಬೆಳಗಿನ ಬೆಳಕು, ಅದರಲ್ಲೂ ಮಾತ್ರೆಯ ಜೊತೆಗೆ, ಫಲ ಕೊಡುತ್ತದೆಂದು ತೋರಿಸಿತು.

ಕಣ್ಣಿನ ಎರಡನೆಯ ಕೆಲಸ

ಬೆಳಕು ಮನಸ್ಸನ್ನು ಮುಟ್ಟುವುದು ಯಾವ ದಾರಿಯಿಂದ? ಮೆದುಳಿನ ತಳಭಾಗದ ಹೈಪೋಥಲಾಮಸ್‌ನಲ್ಲಿ, ಎರಡು ಕಣ್ಣುಗಳ ನರಗಳು ಹಾಯ್ದುಹೋಗುವ ಜಾಗದ ಮೇಲುಗಡೆ, ಜೋಳದ ಕಾಳಿಗಿಂತ ಚಿಕ್ಕದಾದ ಎರಡು ನರಕೋಶಗಳ ಗುಂಪುಗಳಿವೆ. ಮೈಯೊಳಗಿನ ಮುಖ್ಯ ಗಡಿಯಾರ ಇವೇ ಎಂದು 1972ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತಿಳಿಯಿತು. ಅದಕ್ಕೆ ಒಂದು ವರ್ಷ ಮೊದಲು ಹಣ್ಣುನೊಣದಲ್ಲಿ ಈ ಲಯವನ್ನು ಆಳುವ ವಂಶವಾಹಿಯೊಂದು ಪತ್ತೆಯಾಗಿತ್ತು. ಅದೇ ಹಾದಿಯಲ್ಲಿ ನಡೆದು ಗಡಿಯಾರದ ಯಂತ್ರವನ್ನು ಬಿಡಿಸಿ ತೋರಿಸಿದ ಹಾಲ್, ರೋಸ್‌ಬ್ಯಾಶ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಸಿಕ್ಕಿತು.

ಉಳಿದಿದ್ದ ಕೊಂಡಿ ಕಣ್ಣಿನದು. 2002ರಲ್ಲಿ ಅದೂ ಸಿಕ್ಕಿತು. ಅಕ್ಷಿಪಟಲದಲ್ಲಿ ರೂಪ, ಬಣ್ಣ ಕಾಣಿಸುವ ಕೋಶಗಳಲ್ಲದೆ ಬೇರೆ ಕೆಲವು ಕೋಶಗಳಿವೆ. ಮೆಲನಾಪ್ಸಿನ್ ಎಂಬ ವರ್ಣದ್ರವ್ಯ ಅವುಗಳಲ್ಲಿದೆ. ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ಅವುಗಳ ಮುಖ್ಯ ಕೆಲಸ ಸುತ್ತ ಎಷ್ಟು ಬೆಳಕಿದೆ ಎಂದು ಮೆದುಳಿನ ಗಡಿಯಾರಕ್ಕೆ ವರದಿ ಮಾಡುವುದು. ದೃಷ್ಟಿ ಕಳೆದುಕೊಂಡ ಕೆಲವರಲ್ಲೂ ಈ ಕೋಶಗಳು ಕೆಲಸ ಮಾಡುತ್ತಿರುತ್ತವೆ. ಅಂಥವರು ಏನೂ ಕಾಣದಿದ್ದರೂ ಮೈಗೆ ಹಗಲು ರಾತ್ರಿ ತಿಳಿಯುತ್ತದೆ. 1948ರ ಕಾಯ್ದೆಗೆ ಕಣ್ಣು ಎಂದರೆ ನೋಡುವ ಅಂಗ ಮಾತ್ರ. ಹೊತ್ತು ತಿಳಿಯುವ ಅಂಗವೂ ಅದೇ ಎಂಬುದು ಗೊತ್ತಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಒಂದೇ ಬಿಸಿಲು, ಎರಡು ಫಲ

ಈ ಅರಿವಿನೊಂದಿಗೆ ಮಿಲ್ಲಿನ ಗೇಟಿಗೆ ಮರಳೋಣ. ರಾತ್ರಿಯಿಡೀ ನೂಲಿನ ಯಂತ್ರದ ಮುಂದೆ ನಿಂತವನು ಬೆಳಿಗ್ಗೆ ಹೊರಗೆ ಬರುತ್ತಾನೆ. ನಸುಕಿನ ನಾಲ್ಕೈದು ಗಂಟೆಯ ಹೊತ್ತಿಗೆ ಅವನ ಮೈಶಾಖ ಅತ್ಯಂತ ಕೆಳಗಿಳಿದಿತ್ತು, ಎಚ್ಚರವೂ ಹಾಗೆಯೇ. ಮೈಯೊಳಗಿನ ಗಡಿಯಾರದ ಸ್ವಭಾವವೇನೆಂದರೆ, ಆ ತಳಮಟ್ಟಕ್ಕೆ ಮೊದಲು ಬಿದ್ದ ಬೆಳಕು ಅದನ್ನು ಹಿಂದಕ್ಕೆ ತಳ್ಳುತ್ತದೆ, ಆಮೇಲೆ ಬಿದ್ದ ಬೆಳಕು ಮುಂದಕ್ಕೆ ಎಳೆಯುತ್ತದೆ. ರಾತ್ರಿ ಪಾಳಿಯವನಿಗೆ ಒಳಗಿನ ಮಂದ ದೀಪ ಗಡಿಯಾರವನ್ನು ಪೂರ್ತಿ ತಿರುಗಿಸುವಷ್ಟು ಬಲವುಳ್ಳದ್ದಲ್ಲ. ಹೊರಗೆ ಬಂದೊಡನೆ ಮುಖಕ್ಕೆ ಬಡಿಯುವ ಸಾವಿರಾರು ಲಕ್ಸ್ ಬಿಸಿಲು ಮಾತ್ರ ‘ಹಗಲಾಯಿತು, ಏಳು’ ಎಂದು ಗಟ್ಟಿಯಾಗಿ ಹೇಳುತ್ತದೆ. ಮನೆಗೆ ಬಂದು ಮಲಗಿದರೆ ನಾಲ್ಕೈದು ಗಂಟೆಗೇ ಎಚ್ಚರ. ಖಿನ್ನತೆಯ ರೋಗಿಯನ್ನು ಎಬ್ಬಿಸಿ ಕೂರಿಸಿದ ಅದೇ ಎಳೆಬಿಸಿಲು ಪಾಳಿ ಮುಗಿಸಿದವನ ನಿದ್ದೆಯನ್ನು ಕದಿಯುತ್ತದೆ.

ಇದಕ್ಕೆ ಪರಿಹಾರವೂ ಬೆಳಕಿನ ಲೆಕ್ಕದಲ್ಲೇ ಇದೆ. 1990ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಜೈಸ್ಲರ್ ತಂಡ ರಾತ್ರಿ ಕೆಲಸದ ಜಾಗದಲ್ಲಿ 7,000ದಿಂದ 12,000 ಲಕ್ಸ್‌ವರೆಗಿನ ಬೆಳಕು ಕೊಟ್ಟು, ಹಗಲಲ್ಲಿ ಪೂರ್ತಿ ಕತ್ತಲೆಯ ಕೋಣೆಯಲ್ಲಿ ಮಲಗಿಸಿತು. ಕೆಲವೇ ದಿನಗಳಲ್ಲಿ ಅವರ ಮೈಯ ಲಯ ತಿರುಗಿ ರಾತ್ರಿಯ ಎಚ್ಚರವೂ ಹಗಲಿನ ನಿದ್ದೆಯೂ ಸುಧಾರಿಸಿದವು. ಅದಕ್ಕೂ ಮೊದಲು, 1982ರಲ್ಲಿ, ಅಮೆರಿಕದ ಯೂಟಾ ರಾಜ್ಯದ ಖನಿಜ ಕಾರ್ಖಾನೆಯೊಂದರಲ್ಲಿ ಇದೇ ವಿಜ್ಞಾನಿ ಪಾಳಿ ಬದಲಾಗುವ ಕ್ರಮವನ್ನೇ ತಿದ್ದಿದ್ದರು. ಬೆಳಗಿನ ಪಾಳಿಯಿಂದ ಮಧ್ಯಾಹ್ನಕ್ಕೆ, ಅಲ್ಲಿಂದ ರಾತ್ರಿಗೆ ಎಂದು ಮುಂದಕ್ಕೆ ಸರಿಯುವ ಕ್ರಮ ಮೈಗೆ ಹಗುರ. ಹಿಂದಕ್ಕೆ ಸರಿಯುವುದು ಭಾರ. ಗಡಿಯಾರದ ಸುತ್ತು 24 ಗಂಟೆಗಿಂತ ತುಸು ಹೆಚ್ಚಿರುವುದೇ ಇದಕ್ಕೆ ಕಾರಣ. ಕ್ರಮ ಬದಲಿಸಿ, ಬದಲಾವಣೆಯ ನಡುವಿನ ಅಂತರವನ್ನೂ ಹೆಚ್ಚಿಸಿದಾಗ ಕಾರ್ಮಿಕರ ನೆಮ್ಮದಿಯೂ ಕಾರ್ಖಾನೆಯ ಉತ್ಪಾದನೆಯೂ ಏರಿದವು. ಇದಕ್ಕೆ ಬೇಕಾದದ್ದು ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ಒಂದು ತಿದ್ದುಪಡಿ ಅಷ್ಟೆ.

ದಾವಣಗೆರೆಯ ಕಾರ್ಮಿಕ ಸಂಘಟನೆ ಬಲವಾದದ್ದೇ ಆಗಿತ್ತು. ಕಾರ್ಮಿಕ ನಾಯಕ ಪಂಪಾಪತಿ ಅವರನ್ನು ಊರು 1978, 1983 ಮತ್ತು 1985ರಲ್ಲಿ ವಿಧಾನಸಭೆಗೆ ಕಳಿಸಿತು. ಕೂಲಿ, ಬೋನಸ್, ಕೆಲಸದ ಭದ್ರತೆ ಆ ಕಾಲದ ಹೋರಾಟಗಳ ವಿಷಯ. ಅವು ಹೊಟ್ಟೆಯ ಪ್ರಶ್ನೆಗಳು. ನಿದ್ದೆ ಬೇಡಿಕೆಗಳ ಪಟ್ಟಿಗೆ ಸೇರುವಷ್ಟು ಅದರ ವಿಜ್ಞಾನ ಆಗ ಬೆಳೆದಿರಲಿಲ್ಲ. ಪಾಳಿ ಕೆಲಸ ಮತ್ತು ಆರೋಗ್ಯದ ನಂಟು ಜಗತ್ತಿನ ಗಮನ ಸೆಳೆಯುವ ಹೊತ್ತಿಗೆ ಇಲ್ಲಿನ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ್ದವು. ಹರಿಹರದ ಕಿರ್ಲೋಸ್ಕರ್ ಕೂಡ 2000ದ ಆಸುಪಾಸಿನಲ್ಲಿ ಬಾಗಿಲು ಹಾಕಿತು. ರಾತ್ರಿ ಪಾಳಿಯ ದುಡಿಮೆ ಮನುಷ್ಯರಲ್ಲಿ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದ್ದು 2007ರಲ್ಲಿ. 2019ರಲ್ಲಿ ಅದು ಆ ಅಭಿಪ್ರಾಯವನ್ನು ಮತ್ತೆ ಎತ್ತಿಹಿಡಿಯಿತು.

ಮಿಲ್ಲು ಹೋಯಿತು, ರಾತ್ರಿ ಹೋಗಲಿಲ್ಲ

ಮಿಲ್ಲಿನ ಸೈರನ್ ನಿಂತ ಮಾತ್ರಕ್ಕೆ ಊರಿಗೆ ಇರುಳು ಮರಳಿ ಬರಲಿಲ್ಲ. ದಾವಣಗೆರೆ ಈಗ ಕಾಲೇಜುಗಳ, ಆಸ್ಪತ್ರೆಗಳ ಊರು. ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲೇ ಶುರುವಾಗಿತ್ತು. ಆಸ್ಪತ್ರೆ ಇದ್ದಲ್ಲಿ ರಾತ್ರಿ ಡ್ಯೂಟಿಯ ದಾದಿಯರು, ಕಿರಿಯ ವೈದ್ಯರು, ವಾರ್ಡಿನ ಸಿಬ್ಬಂದಿ ಇರಲೇಬೇಕು. ಹೆದ್ದಾರಿಯ ಲಾರಿ ಚಾಲಕರು, ಬಸ್ಸಿನವರು, ಪೊಲೀಸರು, ಎ.ಟಿ.ಎಂ. ಕಾವಲುಗಾರರು ಇದ್ದಾರೆ. ಮೂರು ಫೇಸ್ ಕರೆಂಟು ರಾತ್ರಿ ಬಂದರೆ ಆಗಲೇ ಎದ್ದು ಪಂಪ್‌ಸೆಟ್ ಹಾಕುವ ರೈತನದೂ ಒಂದು ಪಾಳಿಯೇ, ಅದಕ್ಕೆ ಹಾಜರಿ ಪುಸ್ತಕವಿಲ್ಲ ಅಷ್ಟೆ. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ನಡುರಾತ್ರಿಯವರೆಗೆ ಮೊಬೈಲಿನ ಬೆಳಕಿನಲ್ಲಿದ್ದು, ಹಗಲಲ್ಲಿ ಬಿಸಿಲು ಕಾಣದೆ ಕೋಣೆಯಲ್ಲೇ ಕೂರುತ್ತಾರೆ. ಅವರ ಮೈಗೆ ಹಗಲೂ ಸರಿಯಾಗಿ ಸಿಗುವುದಿಲ್ಲ, ರಾತ್ರಿಯೂ ಸಿಗುವುದಿಲ್ಲ.

ಇದರ ಜೊತೆಗೆ ನಮ್ಮ ಕಡೆಯವರು ಗಮನಿಸದ ಸಣ್ಣ ಲೆಕ್ಕವೊಂದಿದೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಪ್ರಕಾರ. ದಾವಣಗೆರೆ ಇರುವುದು ಸುಮಾರು 75.9 ಡಿಗ್ರಿಯಲ್ಲಿ. ಹಾಗಾಗಿ ಇಲ್ಲಿನ ಸೂರ್ಯ ಗೋಡೆ ಗಡಿಯಾರಕ್ಕಿಂತ ಸುಮಾರು 26 ನಿಮಿಷ ಹಿಂದೆ. ಜನವರಿ ಕೊನೆಯಲ್ಲಿ ಸೂರ್ಯ ಹುಟ್ಟುವಾಗ ಏಳು ಗಂಟೆಗೆ ಐದೇ ನಿಮಿಷ ಇರುತ್ತದೆ. ಪಂಚಾಂಗವೂ ಮಸೀದಿಯ ನಮಾಜಿನ ವೇಳಾಪಟ್ಟಿಯೂ ಇದನ್ನು ಲೆಕ್ಕಕ್ಕೆ ಹಿಡಿದಿವೆ. ಶಾಲೆಯ ವೇಳಾಪಟ್ಟಿ, ಕಾರ್ಖಾನೆಯ ಪಾಳಿ, ಮುಂಜಾನೆ ಐದರ ಟ್ಯೂಷನ್ ಹಿಡಿದಿಲ್ಲ.

ಕರ್ನಾಟಕ ವಿಧಾನಮಂಡಲ 2023ರಲ್ಲಿ ಫ್ಯಾಕ್ಟರಿ ಕಾಯ್ದೆಗೆ ತಂದ ತಿದ್ದುಪಡಿ ದಿನಕ್ಕೆ 12 ಗಂಟೆಯವರೆಗಿನ ದುಡಿಮೆಗೂ, ಮಹಿಳೆಯರ ರಾತ್ರಿ ಪಾಳಿಗೂ ಷರತ್ತುಗಳೊಂದಿಗೆ ದಾರಿ ತೆರೆಯಿತು. ಅದರ ಪರ ವಿರೋಧ ಬಹಳ ಚರ್ಚೆಯಾಯಿತು. ಸಾರಿಗೆ, ಭದ್ರತೆ, ಹೆಚ್ಚುವರಿ ವೇತನದ ಮಾತು ಬಂತು, ಬರಬೇಕಾದದ್ದೇ. ಆದರೆ 12 ಎಂಬ ಅಂಕಿ 1911ರದೂ ಹೌದು. ಆಗ ಇಲ್ಲದಿದ್ದ ತಿಳಿವಳಿಕೆ ಈಗ ನಮ್ಮ ಕೈಯಲ್ಲಿದೆ. ಎಷ್ಟು ಗಂಟೆ ದುಡಿಮೆ ಎಂಬಷ್ಟೇ ಯಾವ ಗಂಟೆಯಲ್ಲಿ ದುಡಿಮೆ ಎಂಬುದೂ ಮುಖ್ಯ. ಪಾಳಿ ಯಾವ ದಿಕ್ಕಿಗೆ ತಿರುಗುತ್ತದೆ, ರಾತ್ರಿಯ ಬೆಳಕು ಎಷ್ಟು, ಸತತ ಎಷ್ಟು ರಾತ್ರಿ, ಹಗಲು ಮಲಗಲು ಕತ್ತಲೆಯ ಜಾಗವಿದೆಯೇ ಎಂಬ ಪ್ರಶ್ನೆಗಳು ಬೆಳಕಿನ ಕಲಮಿನೊಳಗೆ ಬರಬೇಕಾದವು.

ಓದುಗರಿಗೆ ಒಂದು ಎಚ್ಚರಿಕೆ. ಬೆಳಕು ಔಷಧಿ ಎಂದಮೇಲೆ ಅದಕ್ಕೆ ಅಡ್ಡಪರಿಣಾಮವೂ ಉಂಟು. ಬೈಪೋಲಾರ್ ಕಾಯಿಲೆಯವರಲ್ಲಿ ಪ್ರಖರ ಬೆಳಕು ಉನ್ಮಾದವನ್ನು ಕೆದಕಬಹುದು. ಕಣ್ಣಿನ ಕಾಯಿಲೆ ಇದ್ದವರು, ಚರ್ಮ ಮತ್ತು ಕಣ್ಣನ್ನು ಬೆಳಕಿಗೆ ಸೂಕ್ಷ್ಮಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ದೀಪದ ಮುಂದೆ ಕೂರಬಾರದು. ಸೂರ್ಯನನ್ನು ನೇರವಾಗಿ ದಿಟ್ಟಿಸುವುದಂತೂ ಯಾರಿಗೂ ತರವಲ್ಲ. ಖಿನ್ನತೆಯ ಮಾತ್ರೆಯನ್ನು ಬಿಸಿಲನ್ನು ನಂಬಿ ನಿಲ್ಲಿಸಲೂಬಾರದು. ಹಗಲು ದುಡಿಯುವವರಿಗೆ ಬೆಳಗಿನ ಅರ್ಧ ಗಂಟೆ ಬಯಲಿನ ನಡಿಗೆ, ರಾತ್ರಿ ಮಲಗುವ ಮುನ್ನ ಮಂದ ದೀಪ. ರಾತ್ರಿ ದುಡಿಯುವವರಿಗೆ ಪಾಳಿಯ ಮೊದಲರ್ಧದಲ್ಲಿ ಒಳ್ಳೆಯ ಬೆಳಕು, ಮನೆಗೆ ಮರಳುವಾಗ ತಾವೇ ಗಾಡಿ ಓಡಿಸದಿದ್ದರೆ ಕಪ್ಪು ಕನ್ನಡಕ, ಕಿಟಕಿಗೆ ದಪ್ಪ ಪರದೆ. ಇಷ್ಟು ಯಾರ ಕೈಗೂ ಎಟುಕುವಂಥದು.

ಮಿಲ್ಲಿನ ಕಾಲದಲ್ಲಿ ಈ ಲೆಕ್ಕವನ್ನು ಯಾವ ಪ್ರಯೋಗಾಲಯವೂ ಹೇಳಿಕೊಡದೆ ನಡೆಸಿದವರು ಮನೆಯ ಹೆಣ್ಣುಮಕ್ಕಳು. ಗಂಡ ಪಾಳಿ ಮುಗಿಸಿ ಬಂದು ಮಲಗಿದರೆ ಕಿಟಕಿಗೆ ಹಳೆಯ ಸೀರೆ ಕಟ್ಟಿ, ಮಕ್ಕಳನ್ನು ಹೊರಗೆ ಕಳಿಸಿ, ಒಂದೇ ಕೋಣೆಯ ಮನೆಯಲ್ಲಿ ಹಗಲ ಹೊತ್ತಿನಲ್ಲೇ ಒಂದಿಷ್ಟು ರಾತ್ರಿಯನ್ನು ಮಾಡಿಕೊಡುತ್ತಿದ್ದರು. ವಿಜ್ಞಾನ ಈಗ ಹೇಳುತ್ತಿರುವುದೂ ಅದನ್ನೇ. ನಗರಕ್ಕೆ ಇರುಳಿನ ದುಡಿಮೆ ಬೇಕಾದರೆ, ದುಡಿದವನಿಗೆ ಹಗಲಿನಲ್ಲಿ ಕತ್ತಲೆಯನ್ನು ಕೊಡುವ ಹೊಣೆಯೂ ಇದೆ. ಅದನ್ನು ಇನ್ನೂ ಆ ಹಳೆಯ ಸೀರೆಯ ಮೇಲೆಯೇ ಬಿಡುವುದು ನ್ಯಾಯವಲ್ಲ.